ಮಗಳ ಟ್ರಿಪ್ಪಿಗೆ ನಾನೇ ಡ್ರೈವರ್

ಶಾಲೆಯ ಟ್ರಿಪ್ಪಿಗೆ ಹೋಗಿ ಬಂದ ಬಸ್ಸಿಗೆ ಒಂದು ವಾಸನೆ ಇರುತ್ತದೆ. ವಾಂತಿ, ಕಿತ್ತಳೆ ಸಿಪ್ಪೆ, ಹಳಸಿದ ಚಿತ್ರಾನ್ನ, ಹೆಣ್ಣುಮಕ್ಕಳು ಮುಡಿದು ಬಾಡಿಸಿದ ಹೂವು, ಎಲ್ಲ ಸೇರಿದ ವಾಸನೆ. ಎರಡು ಬಕೆಟ್ ಫಿನಾಯಿಲ್ ನೀರು ಹೊಡೆದರೂ ಮೂರು ದಿನ ಹೋಗುವುದಿಲ್ಲ. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಇಪ್ಪತ್ತೆರಡು ವರ್ಷದಿಂದ ಪ್ರೈವೇಟ್ ಬಸ್ಸು ಓಡಿಸುತ್ತಿದ್ದೇನೆ, ಇನ್ನು ಯಾವ ವಾಸನೆಯೂ ನನ್ನನ್ನು ಏನೂ ಮಾಡುವುದಿಲ್ಲ ಎಂದುಕೊಂಡಿದ್ದೆ. ಹೋದ ವಾರ ಮದುವೆ ದಿಬ್ಬಣ ಇಳಿಸಿ, ಕೆಳದಿಯ ಬಯಲಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಕೂತಿದ್ದೆ. ಪಕ್ಕಕ್ಕೆ ಒಂದು ಟ್ರಿಪ್ಪಿನ ಬಸ್ಸು ಬಂದು ನಿಂತು ಬಾಗಿಲು ತೆಗೆಯಿತು. ಅದೇ ವಾಸನೆ. ಸಿಟ್ಟು ಬಂತು.

ಆ ಬಸ್ಸಿನ ಡ್ರೈವರ್ ನನಗಿಂತ ಚಿಕ್ಕವನು. ಕಿತ್ತಳೆ ಸುಲಿದು "ತಗಳ್ಳಿ ಅಣ್ಣ" ಎಂದು ಕೈ ಚಾಚಿದ. "ನಂಗೆ ಬ್ಯಾಡ, ನಿನ್ನ ಬಸ್ಸಿನ ಮಕ್ಕಳನ್ನ ಎಣಿಸ್ಕ ಹೋಗು" ಎಂದು ಗದರಿಬಿಟ್ಟೆ. ಪಾಪ, ಅವನೇನು ಮಾಡಿದ್ದ? ನಾಲ್ಕು ವರ್ಷದ ಹಿಂದಿನ ಒಂದು ಡಿಸೆಂಬರ್ ನನ್ನ ಗಂಟಲಿನಲ್ಲಿ ಇನ್ನೂ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು.

ಭವ್ಯ ನನ್ನ ಒಬ್ಬಳೇ ಮಗಳು. ಆ ವರ್ಷ ಅವಳಿಗೆ ಹದಿನೈದು, ಹೊಸನಗರದ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಸರ್ಕಾರದವರು ಕೊಟ್ಟ ಕಾರ್ಡಿನಲ್ಲಿ ಬುದ್ಧಿಯ ಬೆಳವಣಿಗೆ ಕಡಿಮೆ ಎಂದು ಬರೆದಿದೆ. ಇಪ್ಪತ್ತರ ಮೇಲೆ ಎಣಿಸಲು ಬರುವುದಿಲ್ಲ. ಹೆಸರು ಬರೆಯುತ್ತಾಳೆ, ಅದಕ್ಕೂ ಹೊತ್ತು ಬೇಕು. ಜೊತೆಗೆ ಫಿಟ್ಸ್. ಬೆಳಿಗ್ಗೆ ಎಂಟಕ್ಕೊಂದು ಮಾತ್ರೆ, ರಾತ್ರಿ ಎಂಟಕ್ಕೊಂದು, ಒಂದು ಹೊತ್ತೂ ತಪ್ಪುವ ಹಾಗಿಲ್ಲ. ಆ ಡಿಸೆಂಬರ್ ಹೊತ್ತಿಗೆ ಫಿಟ್ಸ್ ಬಂದು ಒಂದೂವರೆ ವರ್ಷವಾಗಿತ್ತು. ಆದರೆ ಊಟಕ್ಕೆ ಕೂತ ಮಗಳು ತಟ್ಟೆಯ ಮೇಲೇ ಬಿದ್ದು ಒದ್ದಾಡಿದ್ದನ್ನು ನೋಡಿದವನಿಗೆ ಒಂದೂವರೆ ವರ್ಷ ಯಾವ ಲೆಕ್ಕ?

ಅವಳಿಗೆ ಬರದ ವಿಷಯ ಬೇಕಾದಷ್ಟಿತ್ತು. ಬರುವ ವಿಷಯದಲ್ಲಿ ಮಾತ್ರ ಅವಳನ್ನು ಅಲ್ಲಾಡಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಮನೆ ಅಂದರೆ ಮನೆ, ಶಾಲೆ ಅಂದರೆ ಶಾಲೆ. ಮನೆಯ ಚಪ್ಪಲಿ ಶಾಲೆಗೆ ಹಾಕುತ್ತಿರಲಿಲ್ಲ. ಅವಳಮ್ಮ ಗಿರಿಜ ಮರೆತ ಛತ್ರಿ ಕೊಡಲು ಗೇಟಿನವರೆಗೆ ಹೋದರೆ, "ಇದು ಶಾಲೆ, ನೀ ಹೋಗು" ಎಂದು ಎಲ್ಲರೆದುರೇ ಅಟ್ಟುತ್ತಿದ್ದಳು. ನಾವು ನಗುತ್ತಿದ್ದೆವು. ನಗಬಾರದಿತ್ತು, ಅದನ್ನು ಕೇಳಿಸಿಕೊಳ್ಳಬೇಕಿತ್ತು.

ಹೆಡ್‌ಮಾಸ್ಟರಿಗೂ ನನಗೂ ಹಳೆಯ ಹಗೆ. ಭವ್ಯನನ್ನು ಸೇರಿಸಲು ಹೋದ ದಿನ ಆತ ಕನ್ನಡಕದ ಮೇಲಿನಿಂದ ನೋಡಿ, "ಇಂಥವ್ರಿಗೆ ಶಿವಮೊಗ್ಗದಲ್ಲಿ ಬೇರೆ ಶಾಲೆ ಇರ್ತದಲ್ಲ" ಎಂದಿದ್ದ. ನಾನು ಮೇಜಿಗೆ ಗುದ್ದಿದ ಹೊಡೆತಕ್ಕೆ ಇಂಕಿನ ಬಾಟಲಿ ಉರುಳಿ ಹಾಜರಿ ಪುಸ್ತಕವೆಲ್ಲ ನೀಲಿಯಾಗಿತ್ತು. ಕಾನೂನು ನನ್ನ ಕಡೆಗಿತ್ತು, ಸೇರಿಸಿಕೊಂಡರು. ಆಮೇಲೆ ರಸ್ತೆಯಲ್ಲಿ ಎದುರಾದರೆ ನಾನು ಹಾರನ್ ಕೂಡ ಹೊಡೆಯುತ್ತಿರಲಿಲ್ಲ, ಅವನಾಗೇ ಹಾರಿ ಪಕ್ಕಕ್ಕೆ ಹೋಗಲಿ ಎಂದು.

ಡಿಸೆಂಬರ್ ಮೊದಲ ವಾರ ಟ್ರಿಪ್ಪಿನ ನೋಟೀಸು ಬಂತು. ಬೆಳಿಗ್ಗೆ ಐದೂವರೆಗೆ ಹೊರಟು ಕೆಳದಿ, ಇಕ್ಕೇರಿ, ಅಲ್ಲಿಂದ ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿ ಬ್ಯಾಕೋಡಿನ ಕಡೆ ಹೋಗಿ, ಸಂಜೆಗೆ ವಾಪಸ್ಸು. ಈಗ ಅಲ್ಲಿ ಸೇತುವೆಯಾಗಿದೆ, ಆಗ ಲಾಂಚೇ ಗತಿ. ಹಿಂದಿನ ವರ್ಷಗಳಲ್ಲಿ ಭವ್ಯನನ್ನು ಯಾರೂ ಕರೆದಿರಲಿಲ್ಲ, ಅವಳೂ ಕೇಳಿರಲಿಲ್ಲ. ಈ ಸಲ ಅವಳ ಬೆಂಚಿನ ಗೆಳತಿ ಸುಹಾನಾ "ನೀನು ನನ್ ಪಕ್ಕ ಕೂರ್ಬೇಕು, ಕಿಟಕಿ ನಿಂಗೆ" ಎಂದುಬಿಟ್ಟಿದ್ದಳು. ಆಯಿತಲ್ಲ, ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಟ್ರಿಪ್ಪಿಗೆ ಇಪ್ಪತ್ತು ದಿನ ಇರುವಾಗಲೇ ಬ್ಯಾಗಿಗೆ ಟವೆಲ್ಲು, ಬಾಚಣಿಗೆ, ಮಾತ್ರೆ ಡಬ್ಬಿ ತುಂಬಿಟ್ಟಳು. ಹಾಲು ಹಾಕುವವನಿಗೆ ಹೇಳಿದಳು, ಪೋಸ್ಟಿನವನಿಗೆ ಹೇಳಿದಳು, ನಾಯಿಗೂ ಹೇಳಿದಳು.

ಹೆಡ್‌ಮಾಸ್ಟರ್ ನನ್ನನ್ನು ಕರೆಸಿದ. "ನೋಡಿ ಚಂದ್ರಪ್ಪ, ನಲವತ್ತೆಂಟು ಮಕ್ಕಳು, ನೀರಿನ ಜಾಗ. ನಿಮ್ಮ ಹುಡುಗಿಗೆ ಅಲ್ಲೇನಾದ್ರೂ ಬಂದ್ರೆ? ನಂಗೆ ಬ್ಯಾಡ ಅಂತಲ್ಲ, ನೀವೇ ಹೇಳಿ" ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಆತ ಪಂಡಿತ. ನಾನು ಮತ್ತೆ ಮೇಜಿಗೆ ಗುದ್ದಬೇಕಿತ್ತು. ಗುದ್ದಲಿಲ್ಲ. "ಹೌದು ಸಾರ್, ಬ್ಯಾಡ" ಎಂದೆ. ಯಾರ ಮುಖ ಕಂಡರೆ ಮೈ ಉರಿಯುತ್ತಿತ್ತೋ ಅವನ ಎದುರೇ ಕೂತು ಅವನು ತರಿಸಿದ ಟೀ ಕುಡಿದು ಬಂದೆ. ಥೂ, ನನ್ನ ಜನ್ಮಕ್ಕೆ.

ಮನೆಗೆ ಬಂದು ಹೇಳಿದೆ. ಭವ್ಯ ಅಳಲಿಲ್ಲ. ತುಂಬಿಟ್ಟ ಬ್ಯಾಗನ್ನು ಎತ್ತಿ ನನ್ನ ಕಾಲ ಬುಡಕ್ಕೆ ಎಸೆದಳು. ಗಿರಿಜ ಹೊಲಿಗೆ ಮಿಷಿನ್ನಿನ ಮುಂದೆ ಕೂತವಳು ತಲೆ ಎತ್ತದೆಯೇ ಹೇಳಿದಳು.

"ನಿಮ್ಗೆ ಅವ್ಳಿಗೆ ಎಂತಾರು ಆಗ್ತದೆ ಅಂತ ಹೆದ್ರಿಕೆ ಅಲ್ಲ. ನೀವಿಲ್ದೆ ಹೋಗಿ ಎಂತದೂ ಆಗ್ದೆ ಬಂದ್ರೆ ಅಂತ ಹೆದ್ರಿಕೆ."

"ಬಾಯ್ಮುಚ್ಚು. ನಿಂಗೆಂತ ಗೊತ್ತು ಟ್ರಿಪ್ಪಿನ ವಿಷಯ" ಎಂದೆ.

ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಎಷ್ಟೋ ಶಾಲೆಗಳ ಟ್ರಿಪ್ಪು ಹೊಡೆದವನು ನಾನು. ಟ್ರಿಪ್ಪಿನ ಡ್ರೈವರು ಹಿಂದಿನ ದಿನದ ಡ್ಯೂಟಿ ಮುಗಿಸಿ ನಿದ್ದೆಗೆಟ್ಟು ಬಂದಿರುತ್ತಾನೆ. ಮೇಷ್ಟ್ರುಗಳು ಮುಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಾರೆ. ತಲೆ ಎಣಿಸುವಾಗ ಮಕ್ಕಳು ಎದ್ದು ಓಡಾಡುತ್ತಿರುತ್ತವೆ, ಒಂದು ತಲೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಒಂದು ಸಲ ನಾನೇ ರಿಪ್ಪನ್‌ಪೇಟೆಯ ದಾರಿಯಲ್ಲಿ, ಬಸ್ಸಿನ ತುಂಬ ಮಕ್ಕಳನ್ನು ಇಟ್ಟುಕೊಂಡು, ಕಣ್ಣು ಮುಚ್ಚಿಬಿಟ್ಟಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಸ್ಸು ರಸ್ತೆಯಲ್ಲೇ ಇತ್ತು, ಅಷ್ಟೆ. ಆ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ತಾನು ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ಆ ಜಾತಿ ನಾನು.

ಮಾರನೆಯ ದಿನ ಹೊಸನಗರದ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿದ್ದೆ. ಹತ್ತು ನಿಮಿಷದ ಹಾಲ್ಟು. ಭವ್ಯನ ಕ್ಲಾಸಿನ ನಳಿನಿ ಮೇಡಂ ಸೀದಾ ಬಸ್ಸು ಹತ್ತಿ, ಗೇರಿನ ಪಕ್ಕ ಬಂದು ನಿಂತರು. ಶಾಲೆಗೆ ಬಂದು ಆರು ತಿಂಗಳಾಗಿತ್ತಷ್ಟೆ, ಸಣ್ಣ ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು.

"ಚಂದ್ರಣ್ಣ, ಭವ್ಯ ಯಾಕೆ ಬರಲ್ಲ?"

"ಹೆಡ್‌ಮಾಸ್ಟ್ರನ್ನ ಕೇಳಿ."

"ಕೇಳ್ದೆ. ನಿಮ್ಮನ್ನ ಕೇಳಿ ಅಂದ್ರು. ಇಬ್ರೂ ಒಬ್ರ ಹಿಂದೆ ಒಬ್ರು ಅಡಗ್ಕೊಂಡಿದೀರಾ?"

ಪ್ಯಾಸೆಂಜರುಗಳ ಕಿವಿ ನಿಮಿರಿತು. ನನಗೆ ತಲೆ ಬಿಸಿಯಾಯಿತು. "ಮೇಡಂ, ಫಿಟ್ಸ್ ಬಂದಿದ್ದು ನೋಡಿದೀರಾ ನೀವು? ಲಾಂಚಿನ ಮೇಲೆ ಬಂದ್ರೆ ಎಂತ ಮಾಡ್ತೀರಿ? ಫೋಟೋ ತೆಗಿತೀರಾ?"

"ಎಡಮಗ್ಗುಲಿಗೆ ಮಲಗಿಸ್ತೀನಿ. ಬಾಯಿಗೆ ಎಂತದೂ ತುರುಕಲ್ಲ. ಟೈಮ್ ನೋಡ್ಕೊಳ್ತೀನಿ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ಕೊಡ್ತೀನಿ, ಇಡೀ ದಿನ ಕೈ ಬಿಡಲ್ಲ. ಎಲ್ಲ ಗಿರಿಜಕ್ಕನ ಹತ್ರ ಕಲ್ತಿದೀನಿ. ಇನ್ನೆಂತ ಬೇಕು ನಿಮ್ಗೆ?"

ಹಿಂದಿನ ಸೀಟಿನಿಂದ ಒಂದು ಅಜ್ಜಿ, "ಕಳ್ಸು ಮಾರಾಯ, ಪಾಪ, ಅದಕ್ಕೂ ಆಸೆ ಇರ್ತದೆ" ಎಂದಿತು.

"ಅಜ್ಜಿ, ನೀವು ಟಿಕೆಟ್ ತಗಂಡ್ರಾ? ತಗಂಡಿದ್ರೆ ಸುಮ್ನೆ ಕೂತ್ಕಳಿ" ಎಂದೆ. ಬಸ್ಸಿನವರೆಲ್ಲ ನಕ್ಕರು. ನಳಿನಿ ಮೇಡಂ ನಗಲಿಲ್ಲ. "ಹತ್ತನೇ ಕ್ಲಾಸಲ್ಲಿ ಟ್ರಿಪ್ ಇರಲ್ಲ. ಇದೇ ಕೊನೇದು" ಎಂದು ಹೇಳಿ ಇಳಿದು ಹೋದರು.

ಸಾಗರ ಮುಟ್ಟುವವರೆಗೆ ಅವರನ್ನು ಮನಸ್ಸಿನಲ್ಲೇ ಬೈದೆ. ವಾಪಸ್ಸು ಬರುವಾಗ ಒಂದು ಉಪಾಯ ಹೊಳೆಯಿತು. ಆಗ ನನ್ನಂಥ ಬುದ್ಧಿವಂತ ಮೂರು ತಾಲೂಕಿನಲ್ಲಿ ಇಲ್ಲ ಎನಿಸಿತ್ತು.

ಟ್ರಿಪ್ಪಿಗೆ ಬುಕ್ ಆಗಿದ್ದು ನಮ್ಮ ಓನರಿನದೇ ಬಸ್ಸು, ಡ್ರೈವರು ಮಂಜ. ನಮ್ಮಲ್ಲಿ ಡ್ಯೂಟಿ ಬದಲಿಸಿಕೊಳ್ಳಲು ಕಾಗದ ಪತ್ರ ಏನೂ ಬೇಡ. ಇಬ್ಬರು ಡ್ರೈವರುಗಳು ಒಟ್ಟಿಗೆ ಕೂತು ಒಂದು ಎಲೆಅಡಿಕೆ ಕವಳ ಹಾಕಿ ಎದ್ದರೆ ಮುಗಿಯಿತು, ಆಮೇಲೆ ಓನರಿಗೆ ಒಂದು ಫೋನು. ಮಂಜನನ್ನು ಕೂರಿಸಿಕೊಂಡು, ಅವತ್ತು ನನ್ನ ರೂಟು ನೀನು ಹೊಡಿ, ಟ್ರಿಪ್ಪು ನಾನು ಹೊಡಿತೀನಿ ಎಂದೆ.

ಮಂಜ ಎಲೆಗೆ ಸುಣ್ಣ ಹಚ್ಚುತ್ತಾ, "ಭವ್ಯಂಗೆ ಹೇಳಿದೀಯಾ ಅಣ್ಣ?" ಎಂದ.

"ಅವ್ಳಿಗೆ ಎಂತಕ್ಕೆ ಹೇಳೋದು?"

"ಅವ್ಳು ಟ್ರಿಪ್ಪಿಗೆ ಹೋಗ್ತಿರೋದು. ಅಪ್ಪನ್ ಜೊತೆ ಹೋಗೋದಾದ್ರೆ ಸಾಗರದ ಪೇಟೆಗೂ ಹೋಗ್ತಾಳೆ" ಎಂದ. ಬುದ್ಧಿ ಹೇಳಲು ಬಂದ ದೊಡ್ಡ ಮನುಷ್ಯ ಎಂದು ಅವನನ್ನೂ ಬೈದೆ.

ಮನೆಗೆ ಹೋಗಿ, "ಹೋಗ್ಲಿ, ಕಳ್ಸೋಣ" ಎಂದೆ. ಮುಚ್ಚಳಿಕೆಗೆ ಸೈ ಹಾಕಿದೆ. ಏನೇ ಆದರೂ ಶಾಲೆ ಜವಾಬ್ದಾರಿಯಲ್ಲ ಎಂದು ಬರೆಸಿಕೊಂಡಿದ್ದರು. ಗಿರಿಜ ನನ್ನನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. ಭಾನುವಾರ ಕಡುಬು, ಕೋಳಿಸಾರು. ನಾಚಿಕೆಯಿಲ್ಲದೆ ಉಂಡೆ. ಬಡಿಸುವಾಗ ಭವ್ಯ ಪಕ್ಕದಲ್ಲಿ ಕೂತು ಕೇಳಿದಳು.

"ಅಪ್ಪ, ನೀ ಬರಲ್ಲ ಅಲ್ದಾ?"

"ಇಲ್ಲ."

"ಅಮ್ಮ?"

"ಇಲ್ಲ ಮಾರಾಯ್ತಿ."

"ನೀ ಬರಲ್ಲ ಅಲ್ದಾ?" ಮತ್ತೆ ಕೇಳಿದಳು.

"ಬರಲ್ಲ ಅಂದ್ನಲ್ಲ, ಉಣ್ಣು" ಎಂದೆ. ಮಗಳ ಮುಖ ನೋಡಿಕೊಂಡೇ ಹೇಳಿದೆ. ಹೇಳಿ, ಇನ್ನೊಂದು ಕಡುಬು ಹಾಕಿಸಿಕೊಂಡೆ.

ಟ್ರಿಪ್ಪಿನ ದಿನ ಬೆಳಗಿನ ಜಾವ ಚಳಿ ಎಂದರೆ ಚಳಿ. ಮಂಜು ಎಷ್ಟು ಇಳಿದಿತ್ತೆಂದರೆ ಶಾಲೆಯ ಗೇಟು ಹತ್ತಿರ ಬರುವವರೆಗೆ ಕಾಣಲಿಲ್ಲ. ಮನೆಯಲ್ಲಿ ಎಂದಿನಂತೆ ರೂಟಿಗೆ ಹೋಗುತ್ತೇನೆ ಎಂದು ಹೇಳಿ, ಶೆಡ್ಡಿನಿಂದ ಟ್ರಿಪ್ಪಿನ ಬಸ್ಸು ತಂದು ಮೈದಾನದಲ್ಲಿ ನಿಲ್ಲಿಸಿದೆ. ಮಕ್ಕಳು ಕೂಗಾಡುತ್ತಾ ಹತ್ತಿದವು. ಸುಹಾನಾ ಎರಡನೇ ಸಾಲಿನಲ್ಲಿ ಕೂತು, ಕಿಟಕಿ ಪಕ್ಕದ ಸೀಟಿಗೆ ತನ್ನ ಬ್ಯಾಗಿಟ್ಟಳು. ಅಷ್ಟರಲ್ಲಿ ಆಟೋ ಬಂತು. ಭವ್ಯ ಇಳಿದಳು. ಅವಳಮ್ಮ ಹೊಲಿದ ಹೊಸ ಹಳದಿ ಚೂಡಿದಾರ, ತಲೆತುಂಬ ಹೂವು. ನಳಿನಿ ಮೇಡಂ ಕೈ ಹಿಡಿದುಕೊಂಡು ಬಾಗಿಲ ತನಕ ಕರೆತಂದರು. ಫುಟ್‌ಬೋರ್ಡಿಗೆ ಒಂದು ಕಾಲಿಟ್ಟವಳು ತಲೆ ಎತ್ತಿ ನನ್ನನ್ನು ನೋಡಿದಳು. ಇಟ್ಟ ಕಾಲನ್ನು ತೆಗೆದಳು.

"ಅಪ್ಪ, ಇಳಿ."

"ಹತ್ತು ಭವ್ಯ, ಹೊತ್ತಾಯ್ತು. ಅಪ್ಪ ಬರೀ ಡ್ರೈವರ್, ಸುಮ್ನಿರ್ತೀನಿ."

"ಇಳಿ. ಅಪ್ಪ ಇದ್ರೆ ಟ್ರಿಪ್ಪಲ್ಲ."

ಮಕ್ಕಳೆಲ್ಲ ಕಿಟಕಿಗೆ ಮುಖ ತೂರಿಸಿದವು. ಗಿರಿಜ ಆಟೋ ಪಕ್ಕದಿಂದ ಓಡಿ ಬಂದವಳು ಡ್ರೈವರ್ ಸೀಟು ನೋಡಿ ಅಲ್ಲೇ ನಿಂತಳು. ಬೈದಿದ್ದರೆ ಚೆನ್ನಾಗಿತ್ತು.

"ಚಂದ್ರಣ್ಣ, ಇಳೀರಿ" ಎಂದರು ನಳಿನಿ ಮೇಡಂ. "ಬೇರೆ ಡ್ರೈವರ್ನ ಕರ್ಸಿ. ಅರ್ಧ ಗಂಟೆ ತಡ ಆಗ್ತದೆ, ಆಗ್ಲಿ."

ಆಗುತ್ತಿತ್ತು. ಓನರಿನ ಮನೆ ಪೇಟೆಯಲ್ಲೇ ಇತ್ತು, ಶೆಡ್ಡಿನಲ್ಲಿ ಇನ್ನೊಬ್ಬ ಡ್ರೈವರ್ ಮಲಗಿದ್ದ. ಒಂದು ಫೋನಿನ ಕೆಲಸ. ಅದು ಆ ಕ್ಷಣದಲ್ಲೇ ನನಗೆ ಹೊಳೆದಿತ್ತು, ಹೊಳೆಯಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಐವತ್ತು ಜನರೆದುರು, ಅದೂ ಆ ಹೆಡ್‌ಮಾಸ್ಟರನ ಎದುರು, ಮಗಳು ಇಳಿ ಎಂದಳೆಂದು ಇಳಿದು ಹೋಗುವುದೆ? "ಡ್ರೈವರ್ ಯಾರು ಅಂತ ಓನರ್ ಹೇಳ್ತಾನೆ, ಟೀಚರಲ್ಲ" ಎಂದೆ. ಇಂಜಿನ್ ಶುರು ಮಾಡಿದೆ. ಬಸ್ಸು ಹೊರಡುವುದು ಕಂಡರೆ ಹೆದರಿ ಓಡಿಬಂದು ಹತ್ತುತ್ತಾಳೆ ಎಂಬುದು ನನ್ನ ಲೆಕ್ಕ. ಬಸ್ಸು ತಪ್ಪಿಸಿಕೊಳ್ಳುವವರನ್ನು ಹಾಗೆ ಎಷ್ಟು ಸಲ ಓಡಿಸಿಲ್ಲ ನಾನು!

ನಾಲ್ಕು ಮಾರು ಮುಂದೆ ತಗೊಂಡೆ. ನಿಲ್ಲಿಸಿದೆ. ಅವಳು ಅಲ್ಲಾಡಲಿಲ್ಲ. ಹೆಡ್‌ಮಾಸ್ಟರ್ ಮುಂದಿನ ಸೀಟಿನಲ್ಲಿ ಕೂತು ಹಗುರಾದ ದನಿಯಲ್ಲಿ, "ಅವ್ಳಾಗೇ ಬರಲ್ಲ ಅಂದ್ಮೇಲೆ ಎಂತ ಮಾಡೋದು, ನಡೀರಿ ನಡೀರಿ" ಎಂದ. ನಳಿನಿ ಮೇಡಂ ಭವ್ಯನ ತಲೆ ಸವರಿ, ಹತ್ತಿದರು. ಹೆಣ್ಣುಮಕ್ಕಳಿಗೆಂದು ಇದ್ದ ಟೀಚರ್ ಅವರೊಬ್ಬರೇ, ಅವರು ಇಳಿದರೆ ಟ್ರಿಪ್ಪೇ ನಿಲ್ಲುತ್ತಿತ್ತು. ನಾನು ಗೇರು ಹಾಕಿದೆ. ಕನ್ನಡಿಯಲ್ಲಿ ಹಳದಿ ಬಟ್ಟೆ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಬರೀ ಮಂಜು. ಊರಿನವರ ಮಕ್ಕಳನ್ನೆಲ್ಲ ತುಂಬಿಕೊಂಡು, ನನ್ನ ಮಗಳೊಬ್ಬಳನ್ನು ಬಿಟ್ಟು, ಅವಳ ಟ್ರಿಪ್ಪಿಗೆ ನಾನು ಹೋದೆ.

ಆ ದಿನದಷ್ಟು ಉದ್ದದ ದಿನ ನನ್ನ ಸರ್ವೀಸಿನಲ್ಲಿ ಇನ್ನೊಂದಿಲ್ಲ. ನಳಿನಿ ಮೇಡಂ ನನಗೆ "ನಿಲ್ಸಿ" "ಹೊರಡಿ" ಅನ್ನುವುದನ್ನೂ ಇನ್ನೊಬ್ಬರ ಬಾಯಿಂದ ಹೇಳಿಸಿದರು. ಸುಹಾನಾ ಪಕ್ಕದ ಸೀಟಿಗೆ ಯಾರನ್ನೂ ಕೂರಲು ಬಿಡಲಿಲ್ಲ. ಸಾಗರ ದಾಟುವಾಗ ಒಂದು ಹುಡುಗಿ ವಾಂತಿ ಬರುತ್ತದೆ, ಕಿಟಕಿ ಕೊಡು ಎಂದಳು. "ಅದು ಭವ್ಯಂದು, ಆ ಕಡೆ ಹೋಗು" ಎಂದಳು ಸುಹಾನಾ. ಜೋರಾಗಿ, ನನಗೆ ಕೇಳಲೆಂದೇ. ಬಸ್ಸು ನಿಲ್ಲಿಸಿ ಎರಡು ಬಾರಿಸಬೇಕೆನಿಸಿತು. ಯಾರಿಗೆ ಬಾರಿಸುವುದು?

ಕೆಳದಿಯ ದೇವಸ್ಥಾನ, ಮ್ಯೂಸಿಯಂ, ಇಕ್ಕೇರಿ, ಎಲ್ಲ ಕಡೆ ಮಕ್ಕಳು ಹೋಗಿ ಬಂದವು. ನಾನು ಕೆಳಗೇ ಇಳಿಯಲಿಲ್ಲ. ಇಕ್ಕೇರಿಯಲ್ಲಿ ಹೊರಟ ಮೇಲೆ ಒಬ್ಬ ಹುಡುಗ ಕಡಿಮೆ ಎಂದು ಗೊತ್ತಾಗಿ ವಾಪಸ್ಸು ಹೋದೆವು. ಕ್ಲಾಸಿಗೇ ಫಸ್ಟ್ ಬರುವವನಂತೆ, ಸೌತೆಕಾಯಿ ಮಾರುವವಳ ಹತ್ತಿರ ಉಪ್ಪುಕಾರ ಹಚ್ಚಿಸಿಕೊಂಡು ನಿಂತಿದ್ದ. ಹೆಡ್‌ಮಾಸ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅದೇ ಭವ್ಯ ಹಾಗೆ ಉಳಿದಿದ್ದರೆ ಆತ ನಗುತ್ತಿದ್ದನೆ? ನಾನಾದರೂ ಅವನನ್ನು ನಗಲು ಬಿಡುತ್ತಿದ್ದೆನೆ?

ಲಾಂಚಿಗೆ ಬಸ್ಸು ಹತ್ತಿಸಿದೆ. ಮಕ್ಕಳು ನಡೆದು ಹತ್ತಿ, ಕಂಬಿ ಹಿಡಿದು ನಿಂತವು. ಹಿನ್ನೀರು ತಟ್ಟೆಯ ನೀರಿನ ಹಾಗೆ ಅಲ್ಲಾಡದೆ ಮಲಗಿತ್ತು. ಮುಳುಗಿದ ಮರಗಳ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿದ್ದವು. ಇಪ್ಪತ್ತು ದಿನ ನಾನು ಕಣ್ಣು ಮುಚ್ಚಿದಾಗಲೆಲ್ಲ ಭವ್ಯ ಈ ನೀರಿಗೆ ಬೀಳುತ್ತಿದ್ದಳು. ಈಗ ನೋಡಿದರೆ ಕಂಬಿ ಅವಳ ಎದೆಯ ಎತ್ತರಕ್ಕಿತ್ತು. ನಳಿನಿ ಮೇಡಂ ಒಂದೊಂದೇ ತಲೆ ಮುಟ್ಟಿ ಎಣಿಸಿದರು, ಎರಡು ಸಲ. ಹೇಳಿದ್ದನ್ನೆಲ್ಲ ಆ ಹೆಂಗಸು ಮಾಡುತ್ತಿತ್ತು. ಅದನ್ನು ಕಂಡು ನನಗೆ ಸಮಾಧಾನವಾಗಲಿಲ್ಲ, ಹೊಟ್ಟೆ ಉರಿಯಿತು. ಏನಾದರೊಂದು ಎಡವಟ್ಟಾಗಲಿ, ನಾನು ಹೇಳಿದ್ದು ಸರಿ ಎಂದು ತೋರಲಿ ಎಂದು ಆಸೆಪಟ್ಟೆ. ಊರಿನವರ ಮಕ್ಕಳು ನೀರಿನ ಮೇಲಿರುವಾಗ ಅಂಥದ್ದನ್ನು ಆಸೆಪಟ್ಟವನು ನಾನು. ಏನೂ ಆಗಲಿಲ್ಲ.

ಸಂಜೆ ಮಕ್ಕಳನ್ನು ಇಳಿಸಿ, ಶೆಡ್ಡಿಗೆ ಬಸ್ಸು ಬಿಟ್ಟು ಮನೆಗೆ ಹೋದೆ. ಭವ್ಯ ಹೊದ್ದು ಮಲಗಿದ್ದಳು. ಗಿರಿಜ ಮಿಷಿನ್ನಿನ ಮುಂದೆ ಇದ್ದಳು. ಕೇಳದೆಯೇ ಹೇಳಿದಳು.

"ಶಾಲೆ ಜಗುಲಿ ಬಿಟ್ಟು ಬರ್ಲಿಲ್ಲ. ಎಂಟಕ್ಕೆ ಅವ್ಳೇ ಡಬ್ಬಿ ತೆಗ್ದು ಮಾತ್ರೆ ನುಂಗಿದ್ಲು. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡ್ಲು. ಆಮೇಲೆ, ಟ್ರಿಪ್ ಮುಗೀತು, ಮನೆಗೆ ಹೋಗನ ಅಂದ್ಲು. ನಾನೂ ಅಲ್ಲೇ ಕೂತಿದ್ದೆ. ನೀವೆಲ್ಲೆಲ್ಲಿ ನೋಡ್ಕಂಡು ಬಂದ್ರಿ? ಚಲೋ ಇತ್ತಾ ಕೆಳದಿ?"

ನಾನು ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಗಿರಿಜ ಹಿಂದೆಯೇ ಬಂದು ನಿಂತಳು. "ಇನ್ಮೇಲೆ ಅವ್ಳ ಕಾಗ್ದಕ್ಕೆ ಸೈ ಹಾಕೋದು ನಾನು. ನೀವು ಮುಟ್ಟಿದ್ರೆ ನೋಡಿ" ಎಂದಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳು ನನ್ನನ್ನು ಹೆದರಿಸಿದ್ದು ಅದೇ ಮೊದಲು.

ಭವ್ಯ ನನ್ನ ಜೊತೆ ಮಾತು ಬಿಟ್ಟಳು. ನಾನು ಉಂಡು ಎದ್ದ ಮೇಲೆ ಉಣ್ಣಲು ಬರುತ್ತಿದ್ದಳು. "ಮಾತ್ರೆ ತಗಂಡ್ಯಾ?" ಎಂದು ಕೇಳಿದರೆ, ಮಾತ್ರೆಯ ಖಾಲಿ ಪಟ್ಟಿಯನ್ನು ಅಮ್ಮನಿಗೆ ತೋರಿಸುತ್ತಿದ್ದಳು, ನನಗಲ್ಲ. ನಾನು ಒಂದು ಜೊತೆ ಗೆಜ್ಜೆ ತಂದೆ, ಮುಟ್ಟಲಿಲ್ಲ. ಗದರಿದೆ, ಗದರಿದ್ದು ಗೋಡೆಗೆ ತಗುಲಿ ನನಗೇ ವಾಪಸ್ಸು ಬಂತು. ಈಗ ಅವಳಿಗೆ ಹತ್ತೊಂಬತ್ತು, ಅಮ್ಮನ ಜೊತೆ ಕೂತು ಗುಂಡಿ ಹೊಲಿಯುತ್ತಾಳೆ, ನನ್ನ ಜೊತೆ ಮಾತೂ ಆಡುತ್ತಾಳೆ. ಆದರೆ ನನ್ನ ಬಸ್ಸು ಹತ್ತುವುದಿಲ್ಲ. ಎದುರಿಗೆ ನಿಂತಿದ್ದರೂ ಬಿಟ್ಟು, ಹಿಂದೆ ಬರುವ ಮಂಜನ ಬಸ್ಸಿಗೆ ಕಾಯುತ್ತಾಳೆ.

ಆ ಡಿಸೆಂಬರ್ ಕಳೆದು ಜನವರಿಯಲ್ಲಿ ನಳಿನಿ ಮೇಡಂ ಹಟ ಹಿಡಿದು ಇನ್ನೊಂದು ಟ್ರಿಪ್ಪು ಹೊರಡಿಸಿದರು. ಮಂಡಗದ್ದೆಯ ಪಕ್ಷಿಧಾಮಕ್ಕೆ. ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಾನು ಹಲ್ಲು ಕಿರಿದು, "ಮೇಡಂ, ಮಂಡಗದ್ದೇಲಿ ಹಕ್ಕಿ ಇರೋದು ಮಳೆಗಾಲದಲ್ಲಿ. ಈಗ ಹೋದ್ರೆ ಖಾಲಿ ಮರ ನೋಡ್ಬೇಕು" ಎಂದೆ.

"ಹಕ್ಕಿ ನೋಡಕ್ಕೆ ಯಾರು ಹೋಗ್ತಾರೆ ಚಂದ್ರಣ್ಣ" ಎಂದರು. ಅಷ್ಟೇ ಹೇಳಿ ಮುಖ ತಿರುಗಿಸಿದರು.

ಸೈ ಗಿರಿಜನದು. ಡ್ರೈವರು ಮಂಜ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಹೇಳಲೂ ಇಲ್ಲ. ಆ ದಿನ ಬೆಳಿಗ್ಗೆ ಏಳಕ್ಕೆ ತೀರ್ಥಹಳ್ಳಿಯಿಂದ ನನ್ನ ರೂಟು ಹೊರಟೆ. ಎಂಟು ಗಂಟೆಯ ಹೊತ್ತಿಗೆ ಹೊಸನಗರ ಇನ್ನೂ ದೂರವಿರುವಾಗ, ಏರಿನಲ್ಲಿ ಒಂದು ಸಣ್ಣ ಮೋರಿಯ ಹತ್ತಿರ, ಎದುರಿನಿಂದ ಟ್ರಿಪ್ಪಿನ ಬಸ್ಸು ಬಂತು. ಎರಡು ಬಸ್ಸು ಹಿಡಿಯುವ ಜಾಗವಲ್ಲ. ನಾನು ಏರು ಹತ್ತುತ್ತಿದ್ದವನು, ಹಿಂದೆ ತೆಗೆಯಬೇಕಾದವನು ಮಂಜ. ಅವನು ತೆಗೆಯಲು ಶುರು ಮಾಡಿದ. ನಾನು ಕೈ ಹೊರಗೆ ಹಾಕಿ ಬೇಡವೆಂದೆ. ರಿವರ್ಸ್ ಹಾಕಿ, ಏರಿನಲ್ಲಿ, ಹಿಂದೆ ತಿರುವು ಇಟ್ಟುಕೊಂಡು, ನೂರು ಮಾರು ಇಳಿಸಿ, ಬದಿಗೆ ಸರಿಸಿ ನಿಂತೆ.

ಮಂಜನ ಬಸ್ಸು ಮೆಲ್ಲಗೆ ಪಕ್ಕಕ್ಕೆ ಬಂತು. ನನ್ನ ಕಿಟಕಿಗೂ ಅವರ ಕಿಟಕಿಗೂ ಒಂದು ಕೈ ದೂರ. ಎರಡನೇ ಸಾಲಿನಲ್ಲಿ ಭವ್ಯ ಕೂತಿದ್ದಳು, ಕಿಟಕಿಯಲ್ಲಿ, ಅದೇ ಹಳದಿ ಬಟ್ಟೆ. ಪಕ್ಕದಲ್ಲಿ ಸುಹಾನಾ ಏನೋ ಹೇಳುತ್ತಿದ್ದಳು. ಭವ್ಯ ಬಾಯಿ ತುಂಬ ನಗುತ್ತಿದ್ದಳು. ಮನೆಯಲ್ಲಿ ಆ ನಗು ನಾನು ಕಂಡಿಲ್ಲ. ಹದಿನೈದು ವರ್ಷದ ಹುಡುಗಿಯರು ತಮ್ಮತಮ್ಮಲ್ಲೇ ನಗುವ ನಗು ಅದು. ಆಗ ಅವಳು ತಿರುಗಿ ನನ್ನನ್ನು ಕಂಡಳು. ನಗು ನಿಂತಿತು. ನನ್ನ ಬಾಯಿಂದ, ಹಾಳಾದ್ದು, ಬೇರೆ ಮಾತೇ ಬರಲಿಲ್ಲ.

"ಮಾತ್ರೆ ತಗಂಡ್ಯಾ?"

ಅವಳು ಕಿಟಕಿಯ ಗಾಜು ಎಳೆದು ಮುಚ್ಚಿದಳು.

ಟ್ರಿಪ್ಪಿನ ಬಸ್ಸು ದಾಟಿ ಹೋಯಿತು. ನನ್ನ ಹಿಂದೆ ಕೂತ ಪ್ಯಾಸೆಂಜರೊಬ್ಬ, "ಏರಲ್ಲಿ ಇದ್ದವ್ರು ನೀವು ಯಾಕ್ರಿ ಹಿಂದೆ ತಗಂಡ್ರಿ? ಅವ್ನು ತೆಗೀತಿದ್ನಲ್ಲ" ಎಂದು ರೇಗಿದ. "ತೆಗ್ದೆ, ಈಗ ಎಂತ? ಸುಮ್ನೆ ಕೂತ್ಕಳಿ" ಎಂದೆ. ಕಂಡಕ್ಟರ್ ಸೀಟಿ ಊದಿದ. ಗಡಿಯಾರ ಎಂಟೂ ಹತ್ತು ತೋರಿಸುತ್ತಿತ್ತು. ಫೋನು ಎದುರಿಗೇ ಇತ್ತು, ನಳಿನಿ ಮೇಡಂ ನಂಬರು ಅದರಲ್ಲಿತ್ತು. ಗಾಡಿ ನಿಲ್ಲಿಸಿಕೊಂಡು ಒಂದು ಸಲ ಒತ್ತಿದ್ದರೆ ಗೊತ್ತಾಗುತ್ತಿತ್ತು. ನಾನು ಮೊದಲನೇ ಗೇರು ಹಾಕಿ ಏರು ಹತ್ತಿಸಿದೆ. ಸಂಜೆ ಅವಳು ಮನೆಗೆ ಬರುವವರೆಗೆ ಆ ಫೋನನ್ನು ಮುಟ್ಟಲಿಲ್ಲ.